ಗೋಡೆಗೊಂದು ಹಳೇ ಸೀನರಿ

ಎರಡು ಗುಡ್ಡ. ಅವುಗಳ ನಡುವೆ ಅರ್ಧ ಹುಟ್ಟಿದ ಸೂರ್ಯ. ಸೂರ್ಯನ ಬುಡದಿಂದಲೇ ಹೊರಟು ಬರುವ ಹೊಳೆ, ಹೊಳೆಯ ದಂಡೆಗೊಂದು ಗುಡಿಸಲು, ಗುಡಿಸಲಿಗಿಂತ ನಾಲ್ಕು ಪಟ್ಟು ಎತ್ತರದ ತೆಂಗಿನಮರ, ಆಕಾಶದಲ್ಲಿ ಇಂಗ್ಲಿಷಿನ 'ವಿ' ಅಕ್ಷರದಂಥ ನಾಲ್ಕು ಹಕ್ಕಿ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು 'ಸೀನರಿ ಬಿಡಿಸಿ' ಅಂದಾಗಲೆಲ್ಲ ನಾನು ಬಿಡಿಸಿದ್ದು ಇದೊಂದನ್ನೇ. ನೀವೂ ಇದನ್ನೇ ಬಿಡಿಸಿರುತ್ತೀರಿ, ಸುಳ್ಳು ಹೇಳಬೇಡಿ.

ಆ ಸೀನರಿಗೂ ನನಗೂ ಹತ್ತನೇ ಕ್ಲಾಸಿಗೇ ಋಣ ಹರಿಯಿತು ಅಂದುಕೊಂಡಿದ್ದೆ. ಆದರೆ ಕಳೆದ ನವೆಂಬರಿನಲ್ಲಿ ಪಿಜಿ ಬಿಟ್ಟು ಬೆಂಗಳೂರಿನಲ್ಲೇ ಒಂದು ಬೆಡ್‌ರೂಮಿನ ಬಾಡಿಗೆ ಮನೆಗೆ ಬಂದೆ ನೋಡಿ, ಹಾಲ್‌ನಲ್ಲಿ ದೊಡ್ಡದೊಂದು ಖಾಲಿ ಗೋಡೆ ನನ್ನನ್ನೇ ದಿಟ್ಟಿಸತೊಡಗಿತು. ಅದೇ ಹೊತ್ತಿಗೆ ಊರಿಂದ ಅಮ್ಮನ ಫೋನು. ಅಜ್ಜಿಯ ಕಣ್ಣಿನ ಪೊರೆ ಬಲಿತಿದೆ, ಶಿವರಾತ್ರಿ ಕಳೆದ ಮೇಲೆ ಬೆಂಗಳೂರಲ್ಲೇ ಆಪರೇಷನ್, ಒಂದು ತಿಂಗಳು ನಿನ್ನ ಜೊತೆಗೇ ಇರ್ತಾಳೆ ಅಂತ. ಫೋನ್ ಅಜ್ಜಿಯ ಕೈಗೆ ಹೋಯಿತು.

"ಕಣ್ಣು ಸರಿ ಆದ್ಮೇಲೆ ನೋಡ್ಲಿಕ್ಕೆ ಎಂತ ಇದ್ಯೇ ನಿನ್ನ ಮನೇಲಿ?"

"ಗೋಡೆ ಇದೆ ಅಜ್ಜಿ."

"ಒಂದು ತಿಂಗ್ಳು ಗೋಡೆ ನೋಡ್ತಾ ಕೂರ್ಲಾ ಮಾರಾಯ್ತಿ? ಒಂದು ಸೀನರಿನಾದ್ರೂ ಹಾಕು. ಹೊಳೆ ಇರೋದು ನೋಡಿ ತಗೊ."

ಹೊಳೆ ಯಾಕೆ ಅಂತ ನಾನು ಕೇಳಲಿಲ್ಲ. ಅಜ್ಜಿಯ ತವರು ಶರಾವತಿಯ ದಂಡೆಯ ಒಂದು ಹಳ್ಳಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಆ ಹಳ್ಳಿಯೂ ಹೋಯಿತು. ನಮ್ಮ ಮನೆಯಲ್ಲಿ ಇದಿಷ್ಟನ್ನೂ 'ಮುಳುಗಡೆ' ಎಂಬ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತಾರೆ. ಆ ಊರಿನ ಒಂದೇ ಒಂದು ಫೋಟೊ ನಮ್ಮಲ್ಲಿಲ್ಲ. ಕ್ಯಾಮೆರಾ ಇದ್ದವರು ಆ ಕಡೆ ಯಾರಿದ್ದರು ಹೇಳಿ.

ಎಲ್ಲರಂತೆ ನಾನೂ ಮೊದಲು ಕೈ ಹಾಕಿದ್ದು ಮೊಬೈಲಿಗೆ. 'ವಿಂಟೇಜ್ ಲ್ಯಾಂಡ್‌ಸ್ಕೇಪ್' ಅಂತ ಹುಡುಕಿದರೆ ಸಾವಿರಗಟ್ಟಲೆ ಚಿತ್ರಗಳು. ಎಲ್ಲದರಲ್ಲೂ ಹಸಿರು ಬಯಲು, ಕುರಿಗಳು, ಬೂದು ಮೋಡ. ಇವೆಲ್ಲ ಯುರೋಪಿನ ಹಳ್ಳಿಗಳು. ಚಿಕ್ಕವಳಿದ್ದಾಗ ನಮ್ಮೂರಿನ ಕಟಿಂಗ್ ಶಾಪಿನಲ್ಲಿ ಹಿಮ ಹೊದ್ದ ಬೆಟ್ಟ, ಕೆಂಪು ಎಲೆಯ ಮರಗಳ ಪೋಸ್ಟರ್ ಇರುತ್ತಿತ್ತಲ್ಲ, ಅದರದೇ ಸುಧಾರಿತ ಆವೃತ್ತಿ ಅನ್ನಿ. ಅಂತೂ ಹೊಳೆ ಇರುವ ಒಂದನ್ನು ಆರಿಸಿ 1,299 ರೂಪಾಯಿ ಕೊಟ್ಟು ತರಿಸಿದೆ. 'ಕ್ಯಾನ್ವಾಸ್, ಹಳೆಯ ಕಾಲದ ಸೊಬಗು' ಅಂತ ಬರೆದಿತ್ತು.

ಬಂದದ್ದನ್ನು ಬಿಚ್ಚಿ ನೋಡಿದರೆ ಬಟ್ಟೆ ಏನೋ ಕ್ಯಾನ್ವಾಸೇ. ಮೇಲೆ ಬ್ರಷ್ ಗೀರುಗಳೂ ಇದ್ದವು. ಆದರೆ ಗೀರು ಎಡಕ್ಕೆ ಹೋದರೆ ಚಿತ್ರದ ಹೊಳೆ ಬಲಕ್ಕೆ ಹೋಗುತ್ತಿತ್ತು! ಮೊಬೈಲ್ ಕ್ಯಾಮೆರಾವನ್ನು ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದೆ. ಇಡೀ ಚಿತ್ರ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿಂದ ಆಗಿತ್ತು. ಅಂದರೆ ಪ್ರಿಂಟ್ ಹಾಕಿ, ಅದರ ಮೇಲೆ ಪಾರದರ್ಶಕ ಅಂಟನ್ನು ಬ್ರಷ್ಷಿನಿಂದ ಸವರಿದ್ದರು. ವಿಂಟೇಜ್ ಅನ್ನೋದು ವಯಸ್ಸಲ್ಲ, ಬರೀ ಬಣ್ಣದ ಹೆಸರು ಅಂತ ಆವತ್ತು ಗೊತ್ತಾಯಿತು. ವಾಪಸ್ ಕಳಿಸಿದೆ.

ಜನವರಿಯಲ್ಲಿ ಗೆಳತಿಯ ಜೊತೆ ಚಿತ್ರಸಂತೆಗೆ ಹೋದೆ. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಈ ಸಂತೆಯ ದಿನ ಕುಮಾರಕೃಪಾ ರಸ್ತೆಯನ್ನು ನೋಡಬೇಕು ನೀವು. 'ಮನೆಗೊಂದು ಕಲಾಕೃತಿ' ಎಂಬುದು ಅದರ ಆಶಯ. ಫುಟ್‌ಪಾತಿನ ಉದ್ದಕ್ಕೂ ಕಲಾವಿದರೇ ತಮ್ಮ ಚಿತ್ರಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಹಂಪಿ, ಬನಾರಸ್, ಮಳೆಯಲ್ಲಿ ತೋಯ್ದ ಮಲೆನಾಡ ರಸ್ತೆ, ಎಲ್ಲವೂ ಇತ್ತು. ಆದರೆ ಎಲ್ಲವೂ ಹೊಸತು. ನನಗೆ ಯಾಕೋ ಹಳೆಯದೇ ಬೇಕು ಎಂಬ ಹಟ ಹತ್ತಿತ್ತು. ಹಾಗಂತ ಹೇಳಿಕೊಂಡಾಗ ಅಲ್ಲಿದ್ದ ಹಿರಿಯ ಕಲಾವಿದರೊಬ್ಬರು ನಕ್ಕರು. "ಹಳೇದು ಬೇಕು ಅನ್ನೋರು ಮೊದ್ಲು ಹಳೇ ಕಾಲದವ್ರು ಹೇಗೆ ನೋಡ್ತಿದ್ರು ಅಂತ ತಿಳ್ಕೋಬೇಕಮ್ಮ" ಅಂದು ಎರಡು ಹೆಸರು ಹೇಳಿದರು.

ಮನೆಗೆ ಬಂದು ಓದಿದೆ. ಒಬ್ಬರು ಕೆ. ವೆಂಕಟಪ್ಪ (1886–1965). ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು. ಊಟಿ ಮತ್ತು ಕೊಡೈಕೆನಾಲಿನ ಬೆಟ್ಟ, ಮಂಜು, ಮೋಡಗಳನ್ನು ಜಲವರ್ಣದಲ್ಲಿ ಹಿಡಿದವರು. ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಅವರದೇ ಹೆಸರು. ನಾನು ಅದರ ಮುಂದೆ ಬಸ್ಸಿನಲ್ಲಿ ನೂರು ಸಲ ಹೋಗಿದ್ದೇನೆ, ಇಳಿದಿರಲಿಲ್ಲ. ಇನ್ನೊಬ್ಬರು ರುಮಾಲೆ ಚನ್ನಬಸವಯ್ಯ (1910–1988). ಸ್ವಾತಂತ್ರ್ಯ ಹೋರಾಟಗಾರರು. ಬೆಂಗಳೂರಿನ ರಸ್ತೆಬದಿಯ ಹೂಮರಗಳನ್ನು ಅವರು ಬಯಲಿನಲ್ಲೇ ಕೂತು ಬಿಡಿಸುತ್ತಿದ್ದರಂತೆ. ಅವರ ಚಿತ್ರಗಳ ಗುಲ್‌ಮೊಹರ್‌ಗಳನ್ನು ನೋಡಿದರೆ ಈ ಊರಿನ ಬಿಸಿಲಿಗೂ ಒಂದು ಕಾಲದಲ್ಲಿ ಬಣ್ಣ ಇತ್ತಲ್ಲ ಅನಿಸುತ್ತದೆ. ಇಂಥವರ ಮೂಲ ಕೃತಿ ಕೊಳ್ಳುವುದು ನನ್ನ ಸಂಬಳಕ್ಕೆ ಆಗುವ ಮಾತಲ್ಲ. ಆದರೆ ಇಬ್ಬರ ಚಿತ್ರಗಳನ್ನೂ ನೋಡಿದ ಮೇಲೆ ಒಂದಂತೂ ತಿಳಿಯಿತು. ಇವರು ಎಲ್ಲೂ ಇಲ್ಲದ ಗುಡ್ಡವನ್ನು ಬಿಡಿಸಲಿಲ್ಲ. ಪ್ರತಿ ಚಿತ್ರವೂ ಒಂದು ಜಾಗ, ಒಂದು ಹೊತ್ತು.

ಹಳೆಯ ವಸ್ತುಗಳ ಅಂಗಡಿಯೊಂದಕ್ಕೂ ಹೋದೆ. ಅಲ್ಲಿ ಹಳೇ ಬೆಂಗಳೂರಿನ ಕೋಟೆಯ ಚಿತ್ರವೊಂದಿತ್ತು. "ಇನ್ನೂರು ವರ್ಷ ಹಳೇದು ಮೇಡಂ, ಹದಿನೆಂಟು ಸಾವಿರ" ಅಂದರು. ಬೆಂಗಳೂರಿನ ಹೋಟೆಲ್ಲುಗಳ ಗೋಡೆಗಳಲ್ಲಿ ನೀವೂ ಇಂಥ ಚಿತ್ರಗಳನ್ನು ನೋಡಿರುತ್ತೀರಿ. ಟಿಪ್ಪು ಕಾಲದ ಯುದ್ಧಗಳಿಗೆ ಬಂದಿದ್ದ ಬ್ರಿಟಿಷ್ ಅಧಿಕಾರಿಗಳು, ಕಲಾವಿದರು ಬಿಡಿಸಿಕೊಂಡು ಹೋದವು. ರಾಬರ್ಟ್ ಹೋಮ್‌ನ ಮೈಸೂರು ದೃಶ್ಯಗಳು 1794ರಲ್ಲೂ, ಜೇಮ್ಸ್ ಹಂಟರ್‌ನವು 1805ರಲ್ಲೂ ಲಂಡನ್ನಿನಲ್ಲಿ ಅಚ್ಚಾದವು. ಹಂಟರ್‌ನದು ತಾಮ್ರದ ಫಲಕದಿಂದ ಅಚ್ಚು ತೆಗೆದು ಬಣ್ಣ ತುಂಬುವ ಪದ್ಧತಿ. ಹಾಗಾಗಿ ಮೂಲ ಪ್ರತಿಯಲ್ಲಿ ಚುಕ್ಕೆಗಳ ಸಾಲು ಕಾಣುವುದಿಲ್ಲ. ನಾನು ಮೊಬೈಲ್ ಹಿಡಿದು ನೋಡಿದೆ. ಮತ್ತೆ ಅವೇ ಚುಕ್ಕೆಗಳು! ಕಾಗದ ಮಾತ್ರ ಚಹಾದಲ್ಲಿ ಅದ್ದಿ ತೆಗೆದ ಹಾಗೆ ಒಂದೇ ಸಮ ಕಂದು.

ಇನ್ನೊಂದು ವಿಷಯ. ನೂರು ವರ್ಷ ದಾಟಿದ ಚಿತ್ರ ನಮ್ಮ ದೇಶದಲ್ಲಿ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅಂಥದ್ದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ರವಿವರ್ಮ, ಅಮೃತಾ ಶೇರ್‌ಗಿಲ್, ರವೀಂದ್ರನಾಥ ಟ್ಯಾಗೋರ್ ಸೇರಿ ಒಂಬತ್ತು ಕಲಾವಿದರ ಕೃತಿಗಳನ್ನು, ನೂರು ವರ್ಷ ಆಗಿರದಿದ್ದರೂ, ದೇಶದಾಚೆ ಒಯ್ಯುವಂತಿಲ್ಲ. ಹಾಗಾಗಿ ಯಾರಾದರೂ ಸಲೀಸಾಗಿ 'ಇನ್ನೂರು ವರ್ಷ' ಅಂದರೆ, ಬಿಲ್ ಕೊಡ್ತೀರಾ, ಅದರಲ್ಲಿ ಆ ವಯಸ್ಸನ್ನು ಬರೀತೀರಾ ಅಂತ ಕೇಳಿ. ನಾನು ಕೇಳಿದೆ. ಅವರು ಫ್ಯಾನ್ ಹಾಕಲು ಎದ್ದು ಹೋದರು.

ಕೊನೆಗೆ ಹೋಗಿದ್ದು ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿಗೆ. ಭಾನುವಾರ ಬೆಳಿಗ್ಗೆ ಬೇಗ ಹೋಗಬೇಕು, ಬಿಸಿಲೇರಿದರೆ ಕಾಲಿಡಲು ಜಾಗ ಇರುವುದಿಲ್ಲ. ಹಳೇ ರೇಡಿಯೊ, ಮುಳ್ಳಿಲ್ಲದ ಗಡಿಯಾರ, ಒಂದೇ ಕಾಲಿನ ಶೂ, ಟೈಪ್‌ರೈಟರ್. ಹಳೆಯ ಮನೆ ಕೆಡವಿದಾಗ ಬೇಡವೆಂದು ಕೊಟ್ಟದ್ದೆಲ್ಲ ಟಾರ್ಪಾಲಿನ ಮೇಲೆ ಹರಡಿರುತ್ತದೆ. ಫ್ರೇಮುಗಳ ರಾಶಿಯೊಂದರಲ್ಲಿ ಯಾರದೋ ಮದುವೆ ಫೋಟೊ, ದೇವರ ಪಟ, ಯಾವುದೋ ಕಂಪನಿಯ ಸರ್ಟಿಫಿಕೇಟುಗಳ ಅಡಿಯಲ್ಲಿ ಅದು ಸಿಕ್ಕಿತು. ಒಂದೂವರೆ ಅಡಿ ಅಗಲದ ಕಾಗದ, ಗಾಜು ಒಡೆದಿತ್ತು. ಜಲವರ್ಣ. ಹೊಳೆ, ಈಚೆ ದಂಡೆಯಲ್ಲಿ ದೋಣಿ, ಆಚೆ ದಂಡೆಯಲ್ಲಿ ಕಾಡು, ಕಾಡಿನ ಹಿಂದೆ ತೆಳ್ಳಗೆ ನೀಲಿ ಗುಡ್ಡ. ದೋಣಿಯ ಹತ್ತಿರ ಛತ್ರಿ ಹಿಡಿದ ಒಬ್ಬ ಮನುಷ್ಯ, ನಿಮ್ಮ ಉಗುರಿನಷ್ಟು.

ಅಷ್ಟರಲ್ಲಿ ಅಭ್ಯಾಸವಾಗಿತ್ತಲ್ಲ, ಕ್ಯಾಮೆರಾ ಹಿಡಿದೆ. ಚುಕ್ಕೆ ಇಲ್ಲ. ಬಣ್ಣ ಕಾಗದದ ಏರುತಗ್ಗಿನಲ್ಲಿ ಇಳಿದು ನಿಂತಿತ್ತು. ತಿರುಗಿಸಿದೆ. ಹಿಂದಿನ ರಟ್ಟು ಅರ್ಧ ಕಿತ್ತು ಹೋಗಿತ್ತು. ಅದರ ಸಂದಿಯಲ್ಲಿ ಕಾಗದದ ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡದ ಅಕ್ಷರ: 'ಕಡವು. 12-3-61'. ಕೆಳಗೆ ಓದಲಾಗದ ಒಂದು ಸಹಿ.

ನನ್ನ ಎದೆ ಧಸಕ್ಕೆಂದಿತು. ಕಡವು ಅಂದರೆ ಹೊಳೆ ದಾಟುವ ಜಾಗ. ಬೆಂಗಳೂರಿನಲ್ಲಿ ಈ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ, ಅಜ್ಜಿಯ ಬಾಯಲ್ಲಿ ಕೇಳಿದ್ದೇನೆ. ಅದೂ 1961. ಅಣೆಕಟ್ಟಿಗೆ ಮೂರು ವರ್ಷ ಮೊದಲು. ಇದು ಅಜ್ಜಿಯ ಊರಿನದೇ ಯಾಕಾಗಿರಬಾರದು?

"ಎಷ್ಟಣ್ಣ?" ಧ್ವನಿ ಆದಷ್ಟು ಸಪ್ಪೆ ಮಾಡಿಕೊಂಡು ಕೇಳಿದೆ.

"ಎರಡೂವರೆ ಸಾವಿರ. ಆ್ಯಂಟಿಕ್ ಪೀಸ್ ಮೇಡಂ."

"ಗಾಜು ಒಡೆದಿದೆಯಲ್ಲಣ್ಣ. ಫ್ರೇಮಿಗೆ ಹುಳ ಬಿದ್ದಿದೆ."

"ಗಾಜಿಗೆ ದುಡ್ಡು ತಗೋತಿಲ್ಲ ಬಿಡಿ."

ಒಂಬೈನೂರಕ್ಕೆ ಕೊಟ್ಟ. ಬಸ್ಸಿನಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಗಾಜು ತೆಗೆದು ನೋಡಿದರೆ ಚಿತ್ರದ ಬಲ ಮೂಲೆಯಲ್ಲಿ ಕಪ್ಪಗೆ ಧೂಳು ಕೂತಿತ್ತು. ಒರೆಸಿದರೆ ಹೋಗುತ್ತೆ ಅಂತ ಬಟ್ಟೆಯ ತುದಿಯನ್ನು ಒದ್ದೆ ಮಾಡಿ ಮೆಲ್ಲಗೆ ಎರಡು ಸಲ ಒರೆಸಿದೆ. ಧೂಳಿನ ಜೊತೆ ಆಚೆ ದಂಡೆಯ ಕಾಡೂ ಬಟ್ಟೆಗೆ ಬಂತು. ಬೊಗಸೆಯಷ್ಟು ಜಾಗ ಬಿಳಿಚಿಕೊಂಡು ನಿಂತಿತು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಎಲ್ಲೆಲ್ಲೋ ಹೇಗೋ ಉಳಿದುಕೊಂಡು ಬಂದ ಕಾಡನ್ನು ನಾನು ಎರಡು ಸೆಕೆಂಡಿನಲ್ಲಿ ತೊಳೆದುಬಿಟ್ಟಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಆಫೀಸಿಗೆ ರಜೆ ಹಾಕಿ ಫ್ರೇಮ್ ಅಂಗಡಿಗೆ ಓಡಿದೆ. ನಲವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವ ವಯಸ್ಸಾದವರು. ಕನ್ನಡಕ ಏರಿಸಿ ನೋಡಿದರು.

"ಏನಮ್ಮಾ ಮಾಡ್ಕೊಂಡೆ! ವಾಟರ್ ಕಲರ್ ಅನ್ನೋ ಹೆಸ್ರಲ್ಲೇ ನೀರಿದೆ. ಅದಕ್ಕೆ ನೀರು ತಾಗಿಸ್ತಾರಾ?"

"ಅಂಕಲ್, ಯಾರ ಹತ್ತಿರಾನಾದ್ರೂ ಮತ್ತೆ ಬಣ್ಣ ಹಾಕಿಸಬಹುದಾ?"

"ಹಾಕೋ ಹುಡುಗ್ರು ಇದಾರೆ. ಹಾಕ್ಸಿದ್ರೆ ಆ ಮೂಲೆ ಅವ್ರದಾಗುತ್ತೆ, ಈ ಪುಣ್ಯಾತ್ಮಂದಾಗಲ್ಲ. ಹೋಗಿದ್ದು ಹೋಯ್ತು, ಉಳಿದಿದ್ದನ್ನ ಉಳಿಸ್ಕೋ."

ಆವತ್ತು ಅಂಗಡಿಯಲ್ಲಿ ಎರಡು ಗಂಟೆ ಕೂತು ಅವರಿಂದ ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಹಳೇ ಚಿತ್ರ ಸಿಕ್ಕರೆ ಮುಖಕ್ಕಿಂತ ಮೊದಲು ಬೆನ್ನು ನೋಡಿ. ನಿಜವಾಗಿ ಹಳೆಯದಾದ ಕಾಗದ ಅಂಚಿನಿಂದ ಒಳಕ್ಕೆ ಕಂದಾಗುತ್ತ ಬಂದಿರುತ್ತದೆ, ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಎದ್ದಿರುತ್ತದೆ. ಇಡೀ ಹಾಳೆ ಒಂದೇ ಬಣ್ಣಕ್ಕೆ ತಿರುಗಿದ್ದರೆ ಅನುಮಾನಿಸಿ. ಕ್ಯಾನ್ವಾಸಾದರೆ ಹಿಂದಿನ ಮರದ ಚೌಕಟ್ಟಿಗೆ ಬಟ್ಟೆಯನ್ನು ಹೇಗೆ ಬಿಗಿದಿದ್ದಾರೆ ನೋಡಿ. ತುಕ್ಕು ಹಿಡಿದ ಸಣ್ಣ ಮೊಳೆಗಳಿದ್ದರೆ ಒಂದು ಮಾತು, ಹೊಳೆಯುವ ಸ್ಟೇಪಲ್ ಪಿನ್ನುಗಳಿದ್ದರೆ ಇನ್ನೊಂದು ಮಾತು. ಫ್ರೇಮನ್ನು ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಮರಕ್ಕೆ ಹುಳ ಬಿದ್ದಿದೆ, ಆ ಫ್ರೇಮನ್ನು ಮನೆಯೊಳಗೆ ತರಬೇಡಿ. ಬೆನ್ನಲ್ಲಿ ಹೆಸರು, ತಾರೀಕು, ಅಂಗಡಿಯ ಚೀಟಿ ಏನಿದ್ದರೂ ಕೀಳಬೇಡಿ. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಧೂಳು ಜಾಡಿಸುವುದಕ್ಕಿಂತ ಹೆಚ್ಚಿನದೇನನ್ನೂ ನೀವಾಗಿ ಮಾಡಬೇಡಿ. ಯೂಟ್ಯೂಬಿನಲ್ಲಿ ಆಲೂಗಡ್ಡೆಯಿಂದ ಉಜ್ಜುವುದನ್ನು ತೋರಿಸುತ್ತಾರಲ್ಲ, ಅದನ್ನಂತೂ ಬೇಡವೇ ಬೇಡ. ಕಾಗದದ ಚಿತ್ರಕ್ಕೆ ಗಾಜು ಬೇಕು, ಆದರೆ ಗಾಜು ಚಿತ್ರಕ್ಕೆ ತಾಗಬಾರದು. ಅದಕ್ಕೇ ನಡುವೆ ಮೌಂಟ್ ಹಾಕುವುದು. ಆ ಮೌಂಟ್ ಆ್ಯಸಿಡ್ ಇಲ್ಲದ್ದಾಗಿರಲಿ, ಇಲ್ಲದಿದ್ದರೆ ಅದೇ ಕಾಗದವನ್ನು ಸುಡುತ್ತ ಬರುತ್ತದೆ. ನೇರ ಬಿಸಿಲು ಬೀಳುವ ಗೋಡೆ, ಬಾತ್‌ರೂಮಿನ ಪಕ್ಕದ ತೇವದ ಗೋಡೆ ಎರಡೂ ಬೇಡ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ಚೂರು ಅಂಟಿಸಿದರೆ ಗಾಳಿ ಆಡುತ್ತದೆ.

"ಮೌಂಟ್ ಸ್ವಲ್ಪ ಅಗಲ ಇಟ್ರೆ ಆ ಕಲೆ ಮುಚ್ಚುತ್ತೆ" ಅಂದರು. ಮುಚ್ಚಿದರೆ ಗುಡ್ಡದ ತುದಿಯೂ ಮುಚ್ಚಿಹೋಗುತ್ತಿತ್ತು. ಬೇಡ ಅಂದೆ. ಹಿಂದಿನ ಬರಹ ಬೇಕೆಂದಾಗ ನೋಡಲು ಬರುವಂತೆ ಬೆನ್ನಿನ ಬೋರ್ಡನ್ನು ಕ್ಲಿಪ್ ಹಾಕಿ ಕೂರಿಸಿಕೊಟ್ಟರು. ಫ್ರೇಮಿಗೆ 1,400 ಆಯಿತು. ಚಿತ್ರಕ್ಕಿಂತ ಐನೂರು ಹೆಚ್ಚು!

ಅಜ್ಜಿ ಬಂದಳು. ಆಪರೇಷನ್ ಆಯಿತು. ಹನಿ ಹಾಕುವುದು, ಕಪ್ಪು ಕನ್ನಡಕ, ಬಗ್ಗಬಾರದು, ತಲೆಗೆ ನೀರು ಹಾಕಬಾರದು ಅಂತ ಮೊದಲ ವಾರ ಹೋಯಿತು. ನಾನು ಚಿತ್ರದ ವಿಷಯ ಎತ್ತಲಿಲ್ಲ. ಎಂಟನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಜ್ಜಿ ತಾನಾಗಿಯೇ ಗೋಡೆಯ ಮುಂದೆ ನಿಂತಿದ್ದಳು. ನಾನು ಅಡುಗೆಮನೆ ಬಾಗಿಲಲ್ಲಿ ಉಸಿರು ಹಿಡಿದು ನಿಂತೆ.

"ಎಂತದೇ ಇದು? ಕಡವಲ್ದಾ?"

"ಹೌದು ಅಜ್ಜಿ. ಹಿಂದೆ ಹಾಗೇ ಬರೆದಿದೆ. ನಿಮ್ಮೂರಿಂದಾ ನೋಡು."

ಅಜ್ಜಿ ಇನ್ನೂ ಹತ್ತಿರ ಹೋದಳು. ಒಂದು ನಿಮಿಷ ಆಗಿರಬಹುದು, ನನಗೆ ಒಂದು ಗಂಟೆ ಅನಿಸಿತು.

"ಅಲ್ಲ" ಅಂದಳು. "ಇದು ನಮ್ಮೂರಲ್ಲ."

ಅಷ್ಟೇ. ಎಷ್ಟು ಸಲೀಸಾಗಿ ಅಂದಳೆಂದರೆ ನನಗೆ ಅಳುವೇ ಬಂತು. ಅಜ್ಜಿಗೆ ಅದು ಗೊತ್ತಾಗಲಿಲ್ಲ, ಅವಳು ಚಿತ್ರದಲ್ಲೇ ಇದ್ದಳು. "ನಮ್ದು ಹೀಗೆ ಸಪಾಟು ದಂಡೆ ಅಲ್ಲ. ಕಲ್ಲಿನ ಮೆಟ್ಲಿತ್ತು ಇಳೀಲಿಕ್ಕೆ. ಏಳೋ ಎಂಟೋ. ಮಳೆಗಾಲದಲ್ಲಿ ಮೂರು ಕಾಣ್ತಿತ್ತು. ದೋಣಿ ಈ ಬದಿಗೆ ಕಟ್ತಿರ್ಲಿಲ್ಲ, ಆ ಬದಿಗೆ ಒಂದು ಹೊನ್ನೆ ಮರ ಇತ್ತು, ಅದ್ರ ಬೇರಿಗೇ ಕಟ್ಟೋದು. ಇದೆಂತ ಇಲ್ಲಿ ಬೆಳ್ಳಗೆ, ಮಂಜಾ?"

"ಅಲ್ಲ ಅಜ್ಜಿ. ನಾನು ಒರೆಸಿ ಹಾಳು ಮಾಡಿದ್ದು."

"ಮಂಜು ಅಂತ್ಲೇ ಇಟ್ಕೊ. ಬೆಳಿಗ್ಗೆ ಆ ದಂಡೆ ಕಾಣ್ತಲೇ ಇರ್ಲಿಲ್ಲ ನಮ್ಗೆ. ದೋಣಿಯವ್ನಿಗೆ ಕೂಗು ಹಾಕಿದ್ರೆ ಕೂಗು ಮಾತ್ರ ವಾಪಸ್ ಬರ್ತಿತ್ತು."

ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಸಲವೂ ಅಜ್ಜಿಯನ್ನು 'ನಿಮ್ಮೂರು ಹೇಗಿತ್ತು' ಅಂತ ಕೇಳಿರಲಿಲ್ಲ. ಕೇಳಿದ್ದರೂ 'ಮುಳುಗಡೆ ಆಯ್ತಲ್ಲ' ಅಂದುಬಿಡುತ್ತಿದ್ದಳೇನೋ. ಈಗ ಯಾರದೋ ಊರಿನ ಚಿತ್ರವನ್ನು ತಿದ್ದುತ್ತಾ ತಿದ್ದುತ್ತಾ ತನ್ನೂರನ್ನು ಹೇಳತೊಡಗಿದಳು. ಇದು ಹೀಗಲ್ಲ, ಅದು ಅಲ್ಲಿರಲಿಲ್ಲ, ಇಲ್ಲಿ ಗದ್ದೆ ಇತ್ತು, ಅಲ್ಲಿ ಭೂತದ ಕಟ್ಟೆ ಇತ್ತು. ನಾನು ಒಂದು ಹಾಳೆ, ಪೆನ್ಸಿಲ್ ತಂದು ಪಕ್ಕದಲ್ಲಿ ಕೂತೆ. "ಹೇಳು ಅಜ್ಜಿ, ಬರ್ಕೊತೀನಿ."

"ಬರ್ಯೋದೆಂತಕ್ಕೆ? ಬಿಡ್ಸು."

ನನಗೆ ಬರುವುದು ಒಂದೇ ಸೀನರಿ ಅಂತ ಮೊದಲೇ ಹೇಳಿದೆನಲ್ಲ. ಕೈ ತಾನಾಗಿಯೇ ಎರಡು ಗುಡ್ಡ ಎಳೆದು, ನಡುವೆ ಅರ್ಧ ಸೂರ್ಯ ಇಟ್ಟಿತು. ಅಜ್ಜಿ ಬಗ್ಗಿ ನೋಡಲು ಹೋಗಿ, ಡಾಕ್ಟರ ಮಾತು ನೆನಪಾಗಿ, ಹಾಳೆಯನ್ನೇ ಮೇಲೆತ್ತಿಕೊಂಡಳು.

"ಗುಡ್ಡ ಎರಡಲ್ವೇ, ಒಂದೇ. ಸೂರ್ಯ ಅದ್ರ ಹಿಂದೆ ಮುಳುಗ್ತಿದ್ದ, ಹುಟ್ತಿರ್ಲಿಲ್ಲ. ಅಳ್ಸು."

ಅಳಿಸಿದೆ. ಹೀಗೆ ಅಳಿಸುತ್ತಾ ಬರೆಯುತ್ತಾ ಇಪ್ಪತ್ತು ದಿನದಲ್ಲಿ ಆ ಹಾಳೆಯ ಮೇಲೆ ಹೊಳೆ, ಮೆಟ್ಟಿಲು, ಹೊನ್ನೆ ಮರ, ಹನ್ನೊಂದು ಮನೆ, ಎರಡು ಬಾವಿ, ಒಂದು ಕಟ್ಟೆ ಬಂದು ಕೂತವು. ಯಾರ ಮನೆ ಯಾವುದು ಅಂತ ಅಜ್ಜಿ ಹೇಳಿದ ಹೆಸರುಗಳನ್ನೂ ಬರೆದೆ. ನೋಡಲು ಚಂದವೇನಿಲ್ಲ, ಐದನೇ ಕ್ಲಾಸಿನ ಮಗು ಬಿಡಿಸಿದಂತಿದೆ. ಮಡಚಿ ಕವರಿಗೆ ಹಾಕಿ, ಫ್ರೇಮಿನ ಬೆನ್ನಿನ ಬೋರ್ಡಿಗೆ ಹೊರಗಿನಿಂದ ಸಿಕ್ಕಿಸಿದ್ದೇನೆ. ಹೆಸರು ಗೊತ್ತಿಲ್ಲದ ಯಾರೋ ಒಬ್ಬರು 1961ರ ಮಾರ್ಚಿನಲ್ಲಿ ಹೊಳೆಯ ದಂಡೆಯಲ್ಲಿ ಕೂತು ಬಿಡಿಸಿದ ಆ ಕಡವು ಎಲ್ಲಿಯದೋ, ಗೊತ್ತಿಲ್ಲ. ಯಾರ ಅಜ್ಜಿಯದೋ ಆಗಿರುತ್ತದೆ.

ಮನೆಗೆ ಬಂದ ಗೆಳೆಯರು ಗೋಡೆ ನೋಡಿ "ಚೆನ್ನಾಗಿದೆ, ಎಲ್ಲಿ ತಗೊಂಡೆ? ಇಲ್ಲಿ ಮಂಜು ಸೂಪರ್" ಅನ್ನುತ್ತಾರೆ. ನಾನು ಫ್ರೇಮನ್ನು ಮೊಳೆಯಿಂದ ಇಳಿಸಿ ಹಿಂದುಮುಂದಾಗಿ ತಿರುಗಿಸುತ್ತೇನೆ.

ಮೊನ್ನೆ ರಾತ್ರಿ ಹತ್ತೂವರೆಗೆ ಅಜ್ಜಿಯ ಫೋನು. ಇಷ್ಟು ಹೊತ್ತಿನಲ್ಲಿ ಯಾಕಪ್ಪಾ ಅಂತ ಗಾಬರಿಯಲ್ಲೇ ಎತ್ತಿದೆ.

"ಮೆಟ್ಲು ಒಂಬತ್ತು ಕಣೇ. ಈಗ ಮಲಗಿದಾಗ ನೆನಪಾಯ್ತು. ಇಳಿದು ನೋಡ್ದೆ, ಒಂಬತ್ತೇ."

ದೀಪ ಹಾಕಿ, ಕವರ್ ತೆಗೆದು, ಹಾಳೆಯಲ್ಲಿ ಒಂದು ಮೆಟ್ಟಿಲು ಸೇರಿಸಿ ಮಲಗಿದೆ.